ಮೂಸಿ ಆರಿಸಿದ ಮದ್ದು

ಕಣ್ಣು ಮುಚ್ಚಿಕೊಂಡು ಕೋವಿಮದ್ದನ್ನು ಒಮ್ಮೆ ಮೂಸಿದರೆ ಸಾಕು, ಅದು ಯಾವ ಕಾರ್ಖಾನೆಯದು, ಮಾಡಿದವನು ಆ ದಿನ ಹೆಂಡತಿಯ ಜೊತೆ ಜಗಳವಾಡಿದ್ದನೋ ಇಲ್ಲವೋ ಎಂಬುದನ್ನೂ ನಾನು ಹೇಳಬಲ್ಲೆ. ನಮ್ಮ ಗುರಿಕಾರರ ಕ್ಲಬ್ಬಿನಲ್ಲಿ ಖಾಲಿ ತೋಟಾಗಳಿಗೆ ಮತ್ತೆ ಮದ್ದು ತುಂಬುವವರು ನನ್ನ ಮೂಗನ್ನು ಕೇಳದೆ ಡಬ್ಬಿಯ ಮುಚ್ಚಳ ತೆಗೆಯುವುದಿಲ್ಲ.

ಭಾನುವಾರ ಕ್ಲಬ್ಬಿನ ಮದ್ದು ತುಂಬುವ ಕೋಣೆಗೆ, ನಮ್ಮ ಸದಸ್ಯ ಬಿದ್ದಪ್ಪನ ಅಣ್ಣ ಬಂದರು. ಹಿಂದಿನ ತಿಂಗಳು ತೋಟಾ ಕೋವಿಯೊಳಗೇ ಸಿಡಿದು ಬಿದ್ದಪ್ಪ ಒಂದು ಕಣ್ಣು ಕಳೆದುಕೊಂಡಿದ್ದ. ಅಣ್ಣ ಬಾಗಿಲ ಚಿಲಕ ಹಾಕಿ, ತಮ್ಮ ಕಾರ್ಬೈನ್ ಕೋವಿಯನ್ನು ಮೇಜಿನ ಮೇಲಿಟ್ಟು, ಲೇಬಲ್ ಇಲ್ಲದ ಡಬ್ಬಿಯೊಂದನ್ನು ನನ್ನತ್ತ ಸರಿಸಿದರು. ನಮ್ಮ ಕ್ಲಬ್ಬಿನಲ್ಲಿ ಗುಂಡಿನ ಸದ್ದು ಕೇಳಿದರೆ ಯಾರೂ ತಿರುಗಿ ನೋಡುವುದಿಲ್ಲ.

“ತಾಮ್ರದ ಲೇಪದ ಗುಂಡಿಗೆ ಇದು ಆಗುತ್ತಾ, ನೋಡು ಮಾರಾಯ.”

ಕಣ್ಣು ಮುಚ್ಚಿಕೊಂಡು ಮುಚ್ಚಳ ತೆಗೆದು ಎದೆ ತುಂಬ ಎಳೆದುಕೊಂಡೆ. “ಆಹಾ! ಅದಕ್ಕೇ ಹೇಳಿ ಮಾಡಿಸಿದ್ದು. ಇಲ್ಲಿ ಹೊಡೆದರೆ ಮೈಸೂರಿನಲ್ಲಿ ಹಂದಿ ಬೀಳುತ್ತೆ!”

“ತಮ್ಮನ ಮದ್ದನ್ನೂ ಹೀಗೇ ಮೂಸಿ ಆರಿಸಿಕೊಟ್ಟದ್ದಾ?”

“ಹೀಗೇ. ಅವನೇ ಎಲ್ಲೋ ಜಾಸ್ತಿ ತುಂಬಿರಬೇಕು ಅಣ್ಣಾ, ಮದ್ದಿನದೇನೂ ತಪ್ಪಿಲ್ಲ.”

“ಈಗ ಕಣ್ಣು ಬಿಡು.”

ಬಿಟ್ಟೆ. ಅವರು ಡಬ್ಬಿಯನ್ನು ಮೇಜಿನ ಮೇಲೆ ನಿಧಾನವಾಗಿ ಬೋರಲು ಹಾಕಿದರು. ಕಂದು ಪುಡಿ ಗುಡ್ಡೆಯಾಗಿ ಬಿತ್ತು.

“ಬೆಳಿಗ್ಗೆ ನಮ್ಮ ಮನೆಯಲ್ಲಿ ಹುರಿದ ಕಾಫಿ. ಇದರ ಘಮ ರಸ್ತೆಯವರೆಗೂ ಹೋಗಿತ್ತು.”

ನಾನು ಚಿಲಕ ನೋಡಿದೆ. ಅವರ ಕೈ ಕಾರ್ಬೈನಿನ ಮೇಲಿತ್ತು.

“ಅಣ್ಣಾ, ಹುಟ್ಟಿದಾಗಿನಿಂದ ನನ್ನ ಮೂಗಿಗೆ ಯಾವ ವಾಸನೆಯೂ ಗೊತ್ತಾಗಲ್ಲ.”