ಗಂಗಿಯ ನೊಣಗಳು

ನಮ್ಮ ತಾಲ್ಲೂಕು ಆಸ್ಪತ್ರೆಯಲ್ಲಿ ಔಷಧಿಯನ್ನು ಮೊದಲು ಕುಡಿಯುವುದು ರೋಗಿಯ ನೊಣಗಳು. ರೋಗಿಯ ವಂಶವಾಹಿ ದೋಷವನ್ನೇ ಹೊತ್ತು ಹುಟ್ಟುವ ಆ ಹಣ್ಣುನೊಣಗಳನ್ನು ಬಾಟಲಿಯಲ್ಲಿ ಸಾಕುವುದು ನನ್ನ ಕೆಲಸ.

ಆರು ವರ್ಷದ ಗಂಗಿಗೆ ಮುಟ್ಟಿದಲ್ಲೆಲ್ಲ ಬೊಬ್ಬೆ ಏಳುತ್ತದೆ. ಜೀವಕೋಶಗಳ ಒಳಗೆ ಸುದ್ದಿ ಸಾಗಿಸುವ ಕಿಣ್ವವೊಂದು ಕೆಟ್ಟು, ಅವಳ ಚರ್ಮದ ಪದರಗಳು ಒಂದನ್ನೊಂದು ಹಿಡಿದುಕೊಳ್ಳುವುದಿಲ್ಲ. ಅವಳ ನೊಣಗಳ ರೆಕ್ಕೆಯ ಮೇಲೂ ಬೊಬ್ಬೆಗಳೇ. ಎರಡು ಔಷಧಿಗಳು ಫಲ ಕೊಟ್ಟಿರಲಿಲ್ಲ. ಉಳಿದದ್ದು ಮೂರನೆಯದೊಂದೇ; ಅದನ್ನು ನೊಣದ ಮರಿಹುಳುಗಳ ಆಹಾರದಲ್ಲಿ ಬೆರೆಸಿದ್ದೆ.

ಬೆಳಿಗ್ಗೆ ಹೊಸ ನೊಣಗಳು ಕಂಡ ಕೂಡಲೇ ಆತುರಪಟ್ಟು ಅವಳ ತಾಯಿ ಹಾಲಮ್ಮನಿಗೆ ಮಸೂರದಲ್ಲಿ ತೋರಿಸಿದೆ.

"ರೆಕ್ಕೆ ಮುದುರಿ ಹೋಗ್ಯಾವಲ್ರೀ," ಎಂದಳು.

ನಾನು ಮತ್ತೆ ಬಗ್ಗಿ ನೋಡಿದರೆ ನೊಣಗಳ ಮೈ ಇನ್ನೂ ಬಿಳಿಚಿಕೊಂಡಿತ್ತು.

"ತಪ್ಪು ನಂದೇ ಅಕ್ಕಾ. ಇವು ಈಗಷ್ಟೇ ಪೊರೆ ಒಡೆದು ಹೊರಗ ಬಂದಾವ. ಹುಟ್ಟಿದ ಕೂಡ್ಲೇ ಎಲ್ಲಾ ನೊಣದ ರೆಕ್ಕಿನೂ ಹಿಂಗ ಇರ್ತಾವ. ತಾಸೊತ್ತು ಕಾಯಬೇಕಿತ್ತು."

"ಸಮಾಧಾನ ಮಾಡಾಕ ಹೇಳ್ತೀರೇನು?"

"ನಿಮ್ಮಾಣೆ ಇಲ್ಲ. ನನಗೂ ಅಂಜಿಕಿ ಐತಿ."

ಇಬ್ಬರೂ ಕೂತು ಸರದಿಯಂತೆ ಮಸೂರಕ್ಕೆ ಕಣ್ಣಿಟ್ಟೆವು. ಹತ್ತಿಯ ಹಾಸಿನ ಮೇಲಿದ್ದ, ಆ ನೊಣಗಳನ್ನು ತಾನೇ ಎಂದುಕೊಂಡಿದ್ದ ಗಂಗಿ, "ನಾ ಹುಟ್ಟಿದ್ನಾ?" ಎಂದು ಮತ್ತೆ ಮತ್ತೆ ಕೇಳುತ್ತಿದ್ದಳು.

"ಸುಮ್ಕಿರು, ಹುಟ್ಟಾಕತ್ತೀದಿ," ಎಂದು ತಾಯಿ ಗದರಿದಳು.

ಒಂದು ನೊಣ ಹಿಂಗಾಲಿನಿಂದ ರೆಕ್ಕೆ ಸವರಿಕೊಂಡಿತು. ಮಡಿಕೆ ಮೆಲ್ಲನೆ ಬಿಚ್ಚಿತು. ರೆಕ್ಕೆ ನಯವಾಗಿತ್ತು, ಬೊಬ್ಬೆ ಇರಲಿಲ್ಲ. ಪಕ್ಕದ್ದಕ್ಕೂ ಇರಲಿಲ್ಲ.

ಹಾಲಮ್ಮ ಮಸೂರದಿಂದ ಕಣ್ಣು ತೆಗೆಯದೆ ಮಗಳತ್ತ ಕೈ ಚಾಚಿದಳು.

"ಬಾರವ್ವ ಗಂಗಿ, ಎಷ್ಟು ಚೆಂದಾಗಿ ಹುಟ್ಟೀದಿ ನೋಡು."