ಶನಿವಾರ ನೋಡಿದ ಸಿನಿಮಾ

ಮನೆಯಲ್ಲಿ ಕೂತು ನೋಡಿದ ಸಿನಿಮಾವನ್ನು ನಾಲ್ಕು ಜನರ ಮುಂದೆ ತೆಗಳದಿದ್ದರೆ ಗುರುಮೂರ್ತಿಗೆ ಉಂಡ ಅನ್ನ ಅರಗುತ್ತಿರಲಿಲ್ಲ. ನಿರ್ದೇಶಕರ ಪುಣ್ಯ, ಅವನ ಅಭಿಪ್ರಾಯ ಬೀದಿ ದಾಟಿ ಹೋಗುತ್ತಿರಲಿಲ್ಲ. ಆ ಸಂಜೆ ಕಾಫಿಗೆ ಬಂದಿದ್ದ ಪಕ್ಕದ ಮನೆಯ ಶಕುಂತಲಮ್ಮ ಸಿಕ್ಕಿಬಿದ್ದರು.

"ಶನಿವಾರ ಒಂದು ನೋಡಿದೆ ಕಣ್ರೀ. ಇವಳು ತಮ್ಮನ ಮಗೂ ನಾಮಕರಣ ಅಂತ ತವರಿಗೆ ಹೋಗಿದ್ಲು. ನಂಗೆ ಜ್ವರ, ಹೋಗೋಕಾಗ್ಲಿಲ್ಲ. ಏನ್ ದರಿದ್ರ ಕತೆ ಅಂತೀರಿ!"

"ಏನಂತೆ ಕತೆ?" ಹೆಂಡತಿ ವನಜಾಕ್ಷಿ ಕೋಡುಬಳೆಯ ತಟ್ಟೆ ಇಡುತ್ತ ಕೇಳಿದಳು.

"ಒಬ್ಬ ಗಂಡ ಹೆಂಡ್ತಿಗೆ ಸುಳ್ಳು ಹೇಳಿ ಇನ್ನೊಬ್ಬಳ ಜೊತೆ ಸುತ್ತಾನೆ. ಸಿಕ್ಕಿಬೀಳೋದು ಹೇಗೆ ಗೊತ್ತಾ? ಜೇಬಲ್ಲಿ ಹೋಟೆಲ್ ಬಿಲ್ಲು! ಅಷ್ಟೂ ಬುದ್ಧಿ ಬೇಡ್ವಾ? ಬರೆದೋನಿಗೆ ತಲೆ ಇಲ್ಲ."

"ಪಾಪ, ಆ ಹೆಂಡ್ತಿ?"

"ಅವಳೊಬ್ಬಳು ಪೆದ್ದಿ. ಗಂಡ ಹೇಳಿದ್ದೆಲ್ಲ ನಂಬ್ತಾಳೆ. ಈ ಕಾಲದಲ್ಲಿ ಅಂಥ ಹೆಂಗಸರು ಎಲ್ಲಿದ್ದಾರೆ?"

ವನಜಾಕ್ಷಿ ನಕ್ಕಳು. "ಜ್ವರದಲ್ಲೂ ಪೂರ್ತಿ ನೋಡಿದ್ರಾ?"

"ಇನ್ನೇನ್ ಮಾಡ್ಲಿ? ಫ್ಯಾನ್ ಹಾಕ್ಕೊಂಡು, ದೊಡ್ಡ ಟೀವೀಲಿ, ಬೆಳಗ್ಗಿಂದ ಸಂಜೆವರೆಗೂ ಅದೇ ಕೆಲಸ. ಬಾಗಿಲಾಚೆ ಕಾಲಿಟ್ಟಿಲ್ಲ."

ಶಕುಂತಲಮ್ಮ ಕೋಡುಬಳೆ ಮುರಿಯುತ್ತ, ನಿಜವಾದ ಅಚ್ಚರಿಯಿಂದ ಹೇಳಿದರು:

"ನೀವೇ ಅದೃಷ್ಟವಂತರು ಬಿಡಿ. ಶನಿವಾರ ಟ್ರಾನ್ಸ್‌ಫಾರ್ಮರ್ ಸುಟ್ಟು, ಬೀದಿಗೆ ಬೀದಿಯೇ ರಾತ್ರಿವರೆಗೂ ಕರೆಂಟಿಲ್ದೆ ಒದ್ದಾಡ್ತು. ನಿಮ್ಮನೆಗೆ ಮಾತ್ರ ಎಲ್ಲಿಂದ ಬಂತು?"