ಮಾರಿಯಾ ಟಿಫಿನ್ ರೂಮ್

“ಸರ್, ನಿಮ್ಮ ಮಾರಿಯಾ ಬದುಕಿದಾರೋ, ಸತ್ತಿದಾರೋ? ಅದೊಂದು ಹೇಳ್ಬಿಡಿ.”

ಹಲಸೂರಿನ ತನ್ನ ಕನ್ನಡಕದ ಅಂಗಡಿಯಲ್ಲಿ ಗಾಜು ಒರೆಸುತ್ತಿದ್ದ ಅಂಜನಮೂರ್ತಿ ಫೋನನ್ನು ಇನ್ನೊಂದು ಕಿವಿಗೆ ಬದಲಾಯಿಸಿಕೊಂಡ. ಮಾರಿಯಾ ಅವನ ಕಾದಂಬರಿಯ ನಾಯಕಿ. ಮಾತಾಡುತ್ತಿದ್ದವಳು ಇಂದಿರಾನಗರದ ಪ್ರಶಸ್ತಿ ಸಮಿತಿಯ ಸಂಚಾಲಕಿ ರಾಜೇಶ್ವರಿ. ಸಮಿತಿ ಇ-ಪುಸ್ತಕಗಳಿಗೂ ಬಾಗಿಲು ತೆರೆದದ್ದು ಇದೇ ವರ್ಷ. ಪ್ರಕಾಶಕರ ಹಿಂದೆ ಹತ್ತು ವರ್ಷ ಚಪ್ಪಲಿ ಸವೆಸಿ, ಕೊನೆಗೆ ತಾನೇ ಇ-ಪುಸ್ತಕ ಮಾಡಿಕೊಂಡಿದ್ದ ಅಂಜನಮೂರ್ತಿ ಮೊದಲ ದಿನವೇ ಅರ್ಜಿ ಹಾಕಿದ್ದ. ಸಮಾರಂಭಕ್ಕೆಂದು ಬಿಳಿ ಅಂಗಿಯನ್ನೂ ಹೊಲಿಸಿಟ್ಟಿದ್ದ.

“ಇಬ್ಬರು ತೀರ್ಪುಗಾರರು ಜೂನ್‌ನಲ್ಲೇ ಡೌನ್‌ಲೋಡ್ ಮಾಡ್ಕೊಂಡಿದಾರೆ. ಅದ್ರಲ್ಲಿ ಮಾರಿಯಾ ಜ್ವರ ಬಂದು ತೀರ್ಕೋತಾರೆ. ಮೂರನೆಯವರು ಆಗಸ್ಟ್‌ನಲ್ಲಿ ಓದಿದ್ರೆ, ಅದೇ ಮಾರಿಯಾ ಪುಲಿಕೇಶಿನಗರದಲ್ಲಿ ಟಿಫಿನ್ ರೂಮ್ ತೆಗೆದು ದೋಸೆ ಹುಯ್ತಿದಾರೆ. ಸ್ಪರ್ಧೆಗೆ ಕೊಟ್ಟ ಪುಸ್ತಕ ತಿದ್ದೋ ಹಾಗಿಲ್ಲ ಸರ್. ಮಧ್ಯಾಹ್ನದೊಳಗೆ ಜೂನ್ ಪ್ರತೀನೇ ವಾಪಸ್ ಹಾಕಿ, ಇನ್ನು ಮುಟ್ಟಲ್ಲ ಅಂತ ಬರೆದುಕೊಟ್ರೆ ಉಳೀತೀರಿ. ಬಹುಮಾನ ಹೆಚ್ಚುಕಮ್ಮಿ ನಿಮ್ದೇ. ಇಲ್ಲಾಂದ್ರೆ ಕೈಬಿಡ್ಬೇಕಾಗುತ್ತೆ.”

ಅಂಜನಮೂರ್ತಿಯ ಕಣ್ಣು ಅಂಗಡಿಯ ಎದುರಿನ ಇಡ್ಲಿ ಗಾಡಿಯ ಕಡೆ ಹೋಯಿತು. ತಪ್ಪೆಲ್ಲ ಆ ಗಾಡಿಯ ಜಟ್ಟೆಮ್ಮನದು. ಕನ್ನಡಕ ಕೊಳ್ಳಲು ಬಂದವರ ಕೈಗೆ ಅಕ್ಷರದ ಹಲಗೆಯ ಬದಲು ತನ್ನ ಕಾದಂಬರಿ ತೆರೆದ ಫೋನು ಕೊಡುವುದು ಅವನ ಚಾಳಿ. ಉಳಿದವರು ಎರಡು ಸಾಲು ಓದಿ, ಕನ್ನಡಕ ಕೊಂಡು ಹೋಗುತ್ತಿದ್ದರು. ರಾಯಚೂರು ಕಡೆಯ ಜಟ್ಟೆಮ್ಮ ಮಾತ್ರ ಅಧ್ಯಾಯ ಮುಗಿಯುವ ತನಕ ಫೋನು ಬಿಡಲಿಲ್ಲ. ತನ್ನ ಫೋನಿಗೂ ಅದರ ಆನ್‌ಲೈನ್ ಲಿಂಕ್ ಹಾಕಿಸಿಕೊಂಡಳು. ಮಾರಿಯಾ ಸತ್ತದ್ದನ್ನು ಓದಿದ ಮೇಲೆ ಮೂರು ದಿನ ಅವನ ಇಡ್ಲಿಗೆ ಚಟ್ನಿ ಬೀಳಲಿಲ್ಲ. ನಾಲ್ಕನೆಯ ದಿನ ಅಂಜನಮೂರ್ತಿ ಸೋತು, ಕೊನೆಯ ಅಧ್ಯಾಯ ತಿದ್ದಿ, ಮಾರಿಯಾಳನ್ನು ಬದುಕಿಸಿದ್ದ. ಚಟ್ನಿಯ ಮುಂದೆ ಸ್ಪರ್ಧೆಯ ನಿಯಮ ನೆನಪಾಗಿದ್ದರೆ ತಾನೆ.

ಈಗ ಗಾಡಿಯ ಮುಂದೆ ನಿಂತು ಎಲ್ಲ ಹೇಳಿದ. “ಹಳೇದು ಹಾಕಿದ್ರೆ ನಿಮ್ಮ ಫೋನಲ್ಲೂ ಹಳೇದೇ ಬಂದ್ಬಿಡುತ್ತೆ ಜಟ್ಟೆಮ್ಮ.”

“ಬಹುಮಾನ ತಗೊಂಡ್ ಮ್ಯಾಲ ತಿರಗಾ ಎಬ್ಬಸಾಕ ಬರಂಗಿಲ್ಲೇನ್ರಿ?”

“ಮುಟ್ಟಲ್ಲ ಅಂತ ಬರೆದುಕೊಡ್ಬೇಕು.”

ಜಟ್ಟೆಮ್ಮ ಇಡ್ಲಿ ಪಾತ್ರೆಯ ಮುಚ್ಚಳ ಹಾಕಿದಳು. “ಸಾಯಸ್ರಿ ಮತ್ತ. ನಿಮಗ ಚಲೋ ಆಗ್ತದಂದ್ರ ಆಕಿ ಏನ್ ಬ್ಯಾಡ ಅನ್ನಂಗಿಲ್ಲ.” ಸೆರಗಿಗೆ ಕೈ ಒರೆಸಿಕೊಂಡು ಕನ್ನಡಕ ಏರಿಸಿದಳು. “ಒಂದೀಟ ತಡೀರಿ ಅಣ್ಣಾರ. ಟಿಫಿನ್ ರೂಮಿಂದು ಇನ್ನೊಂದ್ಸಲ ಓದ್ಕೋತೀನಿ. ಆಮ್ಯಾಲ ಸಿಗಂಗಿಲ್ಲಲ್ರಿ.”

ತಟ್ಟೆ ಹಿಡಿದು ನಿಂತವರು ಗೊಣಗಿದರು. ಅವಳು ಕಿವಿಗೆ ಹಾಕಿಕೊಳ್ಳದೆ, ಬೆರಳಿಟ್ಟು ಒಂದೊಂದೇ ಪದ ಓದುತ್ತಿದ್ದಳು. ಯಾರಾದರೂ ಒಬ್ಬರು ಹೀಗೆ ಓದಲಿ ಎಂದೇ ಅಲ್ಲವೇ ಅವನು ಹತ್ತು ವರ್ಷ ಅಲೆದದ್ದು. ಅಂಜನಮೂರ್ತಿಗೆ ನಗು ಬಂತು. ಬಿಳಿ ಅಂಗಿಯನ್ನು ಯಾವುದಾದರೂ ಮದುವೆಗೆ ಹಾಕಿಕೊಂಡರಾಯಿತು ಎಂದುಕೊಂಡು ಅಲ್ಲಿಂದಲೇ ಫೋನು ಮಾಡಿದ.

“ಮೇಡಂ, ಮಾರಿಯಾ ಬದುಕಿದಾಳೆ. ಬದುಕೇ ಇರ್ತಾಳೆ.”

“ಹಾಗಾದ್ರೆ ಈ ವರ್ಷ ನಿಮ್ಮನ್ನ ಕೈಬಿಟ್ಟ ಹಾಗೇನೇ ಸರ್,” ಎಂದಳು ರಾಜೇಶ್ವರಿ.

“ಗೊತ್ತು ಮೇಡಂ.”

ಆ ಕಡೆಯಿಂದ ಕಂಪ್ಯೂಟರ್ ಕುಟ್ಟುವ ಸದ್ದು ಕೇಳಿಸಿತು; ಪಟ್ಟಿಯಿಂದ ಅವನ ಹೆಸರು ತೆಗೆಯುತ್ತಿರಬೇಕು. ಸದ್ದು ನಿಂತ ಮೇಲೂ ಅವಳು ಫೋನು ಇಡಲಿಲ್ಲ. ದನಿ ತಗ್ಗಿಸಿದಳು.

“ಸರ್, ಆ ಟಿಫಿನ್ ರೂಮ್ ಇರೋದನ್ನ ನನಗೂ ಕಳಿಸ್ತೀರಾ? ನಮ್ಮಮ್ಮಂಗೆ ದಿನಾ ಒಂದೊಂದು ಅಧ್ಯಾಯ ಓದಿ ಹೇಳ್ತಿದೀನಿ. ಇವತ್ತು ಕೊನೇದು.”